ಬದರಿಯ ಓದು, ವತ್ಸಲೆಯ ಟಿಕೆಟ್ಟು

ಸೌತ್‌ಫೀಲ್ಡ್
ಗುರುವಾರ, ೫ ಆಗಸ್ಟ್ ೧೯೭೬

ಏಕಾದಶಿ. ಉಪವಾಸ. ನಾಲ್ಕೂವರೆಗೆ ಎದ್ದು ಸ್ನಾನ, ಪೂಜೆ. ತಮ್ಮ ಬದರಿಯ ಡಬ್ಬಿಗೆ ಚಪಾತಿ, ಆಲೂಗೆಡ್ಡೆ ಪಲ್ಯ. ಅವನ ಕೆಲಸದ ಪ್ಯಾಂಟು ಟಬ್ಬಿನಲ್ಲಿ ನೆನೆಹಾಕಿದೆ. ಸಿಮೆಂಟು ಗಟ್ಟಿಯಾಗಿ ಕೂತಿತ್ತು, ಬ್ರಷ್ಷಿಗೂ ಜಗ್ಗಲಿಲ್ಲ. ನಾಳೆ ವರಮಹಾಲಕ್ಷ್ಮಿ. ತೆಂಗಿನಕಾಯಿ ಸಿಕ್ಕಿದೆ, ಮಾವಿನೆಲೆ ಎಲ್ಲಿಂದ ತರಲಿ...

ಹೊರಡುವ ಮುಂಚೆ ಬದರಿ ಒಂದು ಪುಸ್ತಕ ಮೇಜಿನ ಮೇಲಿಟ್ಟ. ಕಾಲೇಜಿನದು. ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಅಂತೆ. ಎರಡು ವರ್ಷ, ಸಾಯಂಕಾಲದ ಕ್ಲಾಸು. ಕೊನೆಗೆ ಅಸೋಸಿಯೇಟ್ ಡಿಗ್ರಿ.

"ಆ ಕಾಗದ ಇದ್ರೆ ನನ್ನೂ ಫೋರ್‌ಮನ್ ಮಾಡ್ತಾರಂತೆ ಅಕ್ಕ."

"ಮೈಸೂರಲ್ಲಿ ಹತ್ತು ವರ್ಷ ಓವರ್‌ಸಿಯರ್ ಆಗಿದ್ದೆಯಲ್ಲೋ. ಸೇತುವೆ ಕಟ್ಟಿಸಿದೋನಿಗೆ ಇವರೇನು ಕಲಿಸ್ತಾರೆ?"

"ಆ ಸೇತುವೆ ಇಲ್ಲಿಂದ ಯಾರಿಗೂ ಕಾಣಿಸ್ತಾ ಇಲ್ವಲ್ಲ" ಎಂದು ನಕ್ಕ.

ನನಗೆ ನಗು ಬರಲಿಲ್ಲ. ಮೊದಲ ವರ್ಷದ ಫೀಸು ಎಂಟುನೂರು ಡಾಲರು. ದೇವರ ಬೀರುವಿನ ಡಬ್ಬಿಯಲ್ಲಿರುವುದೂ ಅಷ್ಟೇ. ಅದು ಅವನ ಹೆಂಡತಿ ವತ್ಸಲಾಗೂ ಮಗುವಿಗೂ ವಿಮಾನದ ಟಿಕೆಟ್ಟಿಗೆಂದು ಸಂಬಳದ ದಿನ ತಂದು ನನ್ನ ಕೈಗೆ ಕೊಟ್ಟದ್ದು. ಅವಳು ಮೈಸೂರಿನಲ್ಲಿ ಮೂರು ವರ್ಷದಿಂದ ಕಾಯುತ್ತಿದ್ದಾಳೆ. ಮಗು ನಿರುಪಮಾ ಹುಟ್ಟಿದ್ದೇ ಇವನು ಇಲ್ಲಿಗೆ ಬಂದ ಮೇಲೆ. ಇವನು ನೋಡಿರುವುದು ಫೋಟೋ ಮಾತ್ರ.

ಸೋಮವಾರ, ೯ ಆಗಸ್ಟ್

ನೂಲು ಹುಣ್ಣಿಮೆ. ಬದರಿ ಜನಿವಾರ ಬದಲಾಯಿಸಿಕೊಂಡು ನಾರ್ತ್‌ವಿಲ್ ಸೈಟಿಗೆ ಓಡಿದ.

ನಮ್ಮವರು ಆಫೀಸಿನ ಕೆಲಸದ ಮೇಲೆ ದೀಪಾವಳಿಯವರೆಗೆ ಶಿಕಾಗೋದಲ್ಲಿ. ಫೋನಿನಲ್ಲಿ ಕೇಳಿದೆ. "ನಿಮ್ಮ ಅಕ್ಕ ತಮ್ಮನ ವಿಷಯ, ನನ್ನ ಎಳೀಬೇಡ" ಎಂದರು. ಫೋನಿಟ್ಟರು.

ಮಧ್ಯಾಹ್ನ ಪಕ್ಕದ ಬಿಲ್ಡಿಂಗಿನ ಪ್ರಭಾವತಿ ಬಂದಿದ್ದಳು. ಅವಳ ಗಂಡ ರಮೇಶ್ ಇಂಜಿನಿಯರು.

"ಓದಿಸಿಬಿಡಿ ಆಂಟಿ. ಇಲ್ಲಿ ಮನುಷ್ಯನ್ನ ನೋಡಲ್ಲ, ಕಾಗದ ನೋಡ್ತಾರೆ."

"ನಿಮ್ಮನೆಯವರು ಏನಂತಾರೆ?"

"ಅವರು ಬೇಡ ಅಂತಾರೆ. ಮನೆ ಕಟ್ಟೋ ಕೆಲಸವೇ ನಿಂತ್ರೆ ಆ ಡಿಗ್ರೀನ ಗೋಡೆಗೆ ಅಂಟಿಸ್ಕೋತಾನಾ ಅಂತ. ಗೋಡೆ ಬೇಕಲ್ಲ, ಅದಕ್ಕೂ!"

ಒಂದೇ ಮನೆಯಿಂದ ಎರಡು ಮಾತು. ಇಬ್ಬರೂ ಓದಿದವರು. ನಾನು ಹಳ್ಳಿ ಸ್ಕೂಲಿನ ನಾಲ್ಕನೇ ಕ್ಲಾಸು. ಯಾರ ಮಾತು ಹಿಡಿಯಲಿ?

ರಾತ್ರಿ ಬದರಿ ಊಟಕ್ಕೆ ಕೂತಾಗ ಕೇಳಿದೆ — ವತ್ಸಲಾಗೆ ಬರೆದೆಯೇನೋ?

"ಅವಳಿಗೇನು ಗೊತ್ತಾಗುತ್ತೆ ಅಕ್ಕ, ಇಲ್ಲೀದು? ಸುಮ್ನೆ ಅಳ್ತಾಳೆ."

ಶುಕ್ರವಾರ, ೨೦ ಆಗಸ್ಟ್

ಮತ್ತೆ ಏಕಾದಶಿ. ಶ್ರಾವಣ ಶುಕ್ರವಾರವೂ ಹೌದು. ಬೆಳಿಗ್ಗೆ ಬದರಿ ಇಸ್ತ್ರಿ ಶರಟು ಹಾಕಿಕೊಂಡು ದೇವರ ಮುಂದೆ ಬಂದು ನಿಂತ.

"ಅಕ್ಕ, ದುಡ್ಡು ಕೊಡು. ಫೀಸು ಕಟ್ಟೋಕೆ ಇವತ್ತೇ ಕಡೇ ದಿನ."

"ಶ್ರಾವಣ ಶುಕ್ರವಾರ ಲಕ್ಷ್ಮೀನ ಮನೆಯಿಂದ ಆಚೆ ಕಳಿಸ್ತಾರೇನೋ? ನಾಳೆ ಬೆಳಗಾಗುತ್ಲೇ ಕೊಡ್ತೀನಿ. ಒಂದು ದಿನಕ್ಕೆ ಬೇಡ ಅಂದುಬಿಡ್ತಾರಾ?"

"ಕಾಲೇಜಿನೋರಿಗೆ ಶ್ರಾವಣ ಗೊತ್ತಿಲ್ವಲ್ಲ ಅಕ್ಕ."

ಅಷ್ಟೇ ಅಂದ. ಹಠ ಮಾಡಲಿಲ್ಲ. ಶರಟು ಬಿಚ್ಚಿ ಮೊಳೆಗೆ ಹಾಕಿ, ಸೈಟಿನ ಬಟ್ಟೆ ತೊಟ್ಟು ಹೊರಟುಹೋದ.

ಸೋಮವಾರ, ೨೩ ಆಗಸ್ಟ್

ಶನಿವಾರ ದುಡ್ಡು ಕೊಟ್ಟೆ. ಹೋದ. ಆಫೀಸು ಮುಚ್ಚಿತ್ತು. ಇಂದು ಫೋನು ಮಾಡಿದರೆ ಸೀಟು ತುಂಬಿದೆ, ಇನ್ನು ಜನವರಿಗೆ ಎಂದರಂತೆ. ಅದಕ್ಕೂ ಸೆಪ್ಟೆಂಬರ್ ಕೊನೆಯೊಳಗೆ ಕಟ್ಟಬೇಕು. ದುಡ್ಡು ವಾಪಸು ನನ್ನ ಕೈಗೇ ಕೊಟ್ಟ.

"ಹೋಗ್ಲಿ ಬಿಡಕ್ಕ" ಎಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೆಟ್ಟದ್ದು ಮಾಡಿದೆನೋ? ಲಕ್ಷ್ಮೀ ತಾಯಿಯೇ ಒಳ್ಳೆಯದಕ್ಕೆ ತಡೆದಳೋ? ಕಡೇ ದಿನ ಯಾವುದೆಂದು ಅವನು ಮೊದಲೇ ಏಕೆ ಹೇಳಲಿಲ್ಲ? ಅವನಿಗೂ ಮನಸ್ಸು ಎರಡಾಗಿತ್ತೇ? ಶುಕ್ರವಾರವೆಂದು ತಡೆದೆನೋ, ತಡೆಯುವುದಕ್ಕೆ ಶುಕ್ರವಾರ ಸಿಕ್ಕಿತೆಂದು ತಡೆದೆನೋ... ದೇವರ ಮುಂದೆ ಕೂತು ಯೋಚಿಸಿದರೂ ಗೊತ್ತಾಗುತ್ತಿಲ್ಲ.

ಮಧ್ಯಾಹ್ನ ಏರೋಗ್ರಾಮಿನ ನೀಲಿ ಕಾಗದ ತೆಗೆದು ವತ್ಸಲಾಗೆ ಬರೆದೆ. ಬದರಿಗೆ ಹೇಳಲಿಲ್ಲ. ಫೀಸು, ಎರಡು ವರ್ಷ, ಟಬ್ಬಿನಲ್ಲಿ ನೆನೆಯುವ ಪ್ಯಾಂಟು — ಎಲ್ಲ ಬರೆದೆ. ಕಾಯುವವಳು ನೀನು, ನೀನೇ ಹೇಳಮ್ಮ ಎಂದೆ. ಪ್ರಭಾವತಿ ಪೋಸ್ಟಿಗೆ ಹಾಕಿದಳು.

ಭಾನುವಾರ, ೫ ಸೆಪ್ಟೆಂಬರ್

ಬದರಿಗೆ ಸೊಂಟ ಹಿಡಿದಿದೆ. ಮೂವತ್ತಾರು ವರ್ಷಕ್ಕೇ. ಉಪ್ಪಿನ ಶಾಖ ಕೊಟ್ಟೆ. ಫೋರ್‌ಮನ್‌ಗೆ ಇಪ್ಪತ್ತೈದಂತೆ. "ಅವನು ಬೆರಳು ತೋರಿಸ್ತಾನೆ, ನಾನು ಹೊರ್ತೀನಿ" ಎಂದ. ಓದಲಿ ಅನ್ನಿಸಿತು.

ಮಧ್ಯಾಹ್ನ ನಿರುಪಮಾ ಫೋಟೋ ಹಿಡಿದು "ಇವಳಿಗೆ ಹಲ್ಲು ಬಿದ್ದಿಲ್ಲ ತಾನೆ ಇನ್ನೂ?" ಎಂದು ಕೇಳಿದ. ಎರಡೂವರೆ ವರ್ಷದ ಮಗುವಿಗೆ! ಅಪ್ಪನಿಗೆ ಅಷ್ಟೂ ತಿಳಿಯದು. ಟಿಕೆಟ್ಟೇ ತೆಗೆಸಲಿ ಅನ್ನಿಸಿತು.

ಬುಧವಾರ, ೧೫ ಸೆಪ್ಟೆಂಬರ್. ಸಂಜೆ ಐದು

ಬಂದಿದೆ. ಕೆಳಗೆ ಟಪಾಲು ಪೆಟ್ಟಿಗೆಯ ಕಿಂಡಿಯಲ್ಲಿ ನೀಲಿ ಅಂಚು. ಮೂರು ಸಲ ಇಳಿದು ನೋಡಿ ಬಂದೆ. ಒಂದು ಬೀಗದ ಕೈ ನಮ್ಮವರ ಜೊತೆ ಶಿಕಾಗೋಗೆ ಹೋಗಿದೆ, ಇನ್ನೊಂದು ಬದರಿಯ ಹತ್ತಿರ.

ಬರುತ್ತೇನೆ ಎಂದಿದ್ದರೆ ಇವನು ಇನ್ನೆಷ್ಟು ವರ್ಷ ಹೊರಬೇಕು? ಓದಲಿ ಎಂದಿದ್ದರೆ ಆ ಮಗು ಅಪ್ಪ ಅನ್ನುವುದು ಯಾರಿಗೆ?

ಡಬ್ಬಿ ದೇವರ ಬೀರುವಿನಿಂದ ತೆಗೆದು ಮೇಜಿನ ಮೇಲಿಟ್ಟಿದ್ದೇನೆ. ಇನ್ನು ನನ್ನ ಕೈಯಲ್ಲಿ ಬೇಡ.

ಕಾರಿನ ಸದ್ದು. ಮೆಟ್ಟಿಲ ಮೇಲೆ ಅವನೇ... ಒಳಗೆ ಬಂದ ಮೇಲೆ ಹೇಳುವುದಕ್ಕೆ ನನಗೆ ಬಾಯಿ ಬರದಿದ್ದರೆ ಈ ಪುಟವನ್ನೇ ಮುಂದೆ ಹಿಡಿಯುತ್ತೇನೆ.

ಬದರಿ, ಶೂ ಬಿಚ್ಚಬೇಡ. ನಿನ್ನ ಕೇಳದೆ ವತ್ಸಲಾಗೆ ಬರೆದಿದ್ದೆ. ಆಮೇಲೆ ಬೈಯುವೆಯಂತೆ. ಮೊದಲು ಕೆಳಗೆ ಹೋಗಿ ನನಗೆ ಬಂದಿರುವ ಉತ್ತರ ತಗೊಂಡು ಬಾ. ಅಲ್ಲೇ ಒಡೆದು ನೀನೇ ಮೊದಲು ಓದು, ಅವಳು ಏನು ಬರೆದಿದ್ದರೂ —