ಬದನಗುಪ್ಪೆಯ ಹುಣಸೆಮರ

ಗುರು,

ನೀನು ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಇವತ್ತು ಬದನಗುಪ್ಪೆಯಲ್ಲಿ, ಫ್ಯಾಕ್ಟರಿಗಳ ಪಕ್ಕದ ಹೊಲದಲ್ಲಿ ಕೂತು ಹುಣಸೆಮರದ ಚಿತ್ರ ಬರೆಯುತ್ತಿದ್ದೆ. ಹೊಲದೊಡತಿ ಪುಟ್ಟಮಾದಮ್ಮ ಕುಡುಗೋಲು ಹಿಡಿದೇ ಬಂದರು.

“ಯಾರಮ್ಮಿ ಕಳ್ಸಿದ್ದು ನಿನ್ನ? ರೋಡಾಚೆ ಹೊಲನೂವೆ ಮೊದ್ಲು ಇಂಗೇ ಬರ್ಕೊಂಡೋದ್ರು. ಆಮೇಲೆ ಕಲ್ಲು ನೆಟ್ಟು ಫ್ಯಾಕ್ಟ್ರಿ ಕಟ್ಬುಟ್ರು.”

ಸರ್ವೆಯವಳಲ್ಲವೆಂದು ನಂಬಲಿ ಎಂದು ಸ್ಕೆಚ್‌ಬುಕ್ಕಿನ ಹಳೆಯ ಹಾಳೆಗಳನ್ನು ತೋರಿಸಿದೆ. ಬಂಡೀಪುರದ ಗೇಟು, ಗುಂಡ್ಲುಪೇಟೆಯ ಚೆಂಡುಹೂವಿನ ಹೊಲ, ಬಸ್ಸಿನಲ್ಲಿ ಬಾಯಿ ತೆರೆದು ಮಲಗಿರುವ ನೀನು. ಅವರ ಬೆರಳು ನಿನ್ನ ಮೇಲೆ ನಿಂತಿತು.

“ಇವ ಎಲ್ಲವ್ನೆ ಈಗ?”

ನಾನು ಹಾಳೆ ತಿರುಗಿಸಿ ಮತ್ತೆ ಮರಕ್ಕೆ ಬಂದೆ.

“ನೋಡ್ದೇನಮ್ಮಿ? ನೀ ಬರ್ಕೊಂಡಿದ್ದು ಉಳಿಯಕಿಲ್ಲ. ನನ್ ಮರ ಅಳ್ಸ್ಬುಡು.”

ಅವರ ಎದುರೇ ಅಳಿಸಿದೆ. ಮರವನ್ನು ಬರೆದದ್ದು ಪೆನ್ಸಿಲ್ಲಿನಲ್ಲಿ.

ನಿನ್ನನ್ನು ಇಂಕಿನಲ್ಲಿ ಬರೆದಿದ್ದೆ.