ಓರಿನ್ ಕೇಳಲು ಮರೆತ ಪ್ರಶ್ನೆ

ಡುಲೂತ್, ಮಿನೆಸೋಟ
ಅಕ್ಟೋಬರ್ ೬

ಪ್ರೀತಿಯ ಅಪ್ಪಾ,

ನಿಮ್ಮ ಮಂಡಿನೋವು ಹೇಗಿದೆ? ಈ ಸಲ ಚಳಿ ಬೇಗ ಬಂದಿದೆ. ಸೌದೆಗೆಂದು ನೆಲಮಾಳಿಗೆಯ ಮೆಟ್ಟಿಲು ಇಳಿಯಬೇಡಿ. ನಾನು ಕ್ಷೇಮ. ಸರೋವರದ ಗಾಳಿಯಿಂದಾಗಿ ಸೇತುವೆ ತಪಾಸಣೆ ನಿಂತಿದೆ, ಆದ್ದರಿಂದ ಬರೆಯಲು ಬಿಡುವಾಯಿತು.

ನೀವು ಬಾರದೆ ಹೋದ ಶನಿವಾರದ ಮದುವೆಯ ವಿಷಯ ತಿಳಿಸಬೇಕು. ಬದುಕಿಡೀ ಲೂಥರನ್ ಪಾದ್ರಿಯಾಗಿ ಊರಿನ ಮದುವೆಗಳನ್ನೆಲ್ಲ ನೆರವೇರಿಸಿದ ನಿಮಗೆ, ಮಗನ ಮದುವೆಯನ್ನು ಅವನ ಗೆಳೆಯ ಓರಿನ್ ನಡೆಸಿದ್ದು ನೋವು ತಂದಿದೆಯೆಂದು ಬಲ್ಲೆ. "ಸೋಫಾ ಮೇಲೆ ಕೂತು ಅರ್ಜಿ ತುಂಬಿ ಕಂಪ್ಯೂಟರ್‌ನಲ್ಲಿ ಪಾದ್ರಿಯಾದವನು! ಅವನ ಮುಂದೆ ನಾನು ಕೈಕಟ್ಟಿ ಕೂರಬೇಕಾ?" ಎಂದಿರಿ. ಹೆಂಡತಿ ಮಾರ್ಗಿಟ್ ತೀರಿಕೊಂಡು ನಾನು ಒಂಟಿಯಾದ ಚಳಿಗಾಲವಿಡೀ ಓರಿನ್ ಗುರುವಾರ ಗುರುವಾರ ಬಂದು, ನನ್ನ ಅಂಗಳದ ಹಿಮ ಬಾಚಿ, ಮಾತಿಲ್ಲದೆ ಕಾಫಿ ಕುಡಿದು ಹೋಗುತ್ತಿದ್ದ. ನೊರೀನ್‌ಳ ಕೈ ಹಿಡಿಯುವಾಗ ಎದುರಿಗೆ ಅವನಿರಲೆಂದು ಬಯಸಿದ್ದು ಅದಕ್ಕಾಗಿ, ನಿಮ್ಮನ್ನು ಬದಿಗಿಡಲೆಂದಲ್ಲ.

ಮದುವೆ ನಡೆಸುವ ಅಧಿಕಾರಕ್ಕಾಗಿ ಓರಿನ್ ಜಿಲ್ಲಾ ಕಚೇರಿಯಲ್ಲಿ ನೋಂದಣಿಯನ್ನೂ ಮಾಡಿಸಿದ್ದ. ಆದರೆ ತಾನೇ ಬರೆದು ತಂದ ಮಾತುಗಳನ್ನು ಓದುತ್ತ ಅತ್ತುಬಿಟ್ಟ. ಕಣ್ಣೊರೆಸಿಕೊಳ್ಳುವ ಗಡಿಬಿಡಿಯಲ್ಲಿ ನೇರವಾಗಿ ನಮ್ಮನ್ನು ಗಂಡಹೆಂಡತಿ ಎಂದು ಸಾರಿದ. ಚಪ್ಪಾಳೆಯಾಯಿತು, ಕೇಕ್ ಕತ್ತರಿಸಿದ್ದೂ ಆಯಿತು. ಕಾಫಿಯ ಹೊತ್ತಿಗೆ ನೊರೀನ್‌ಳ ಚಿಕ್ಕಮ್ಮ ಬರ್ನಿಸ್, "ಅಲ್ಲ ಕಣೋ ಓರಿನ್, ನಿಮಗಿಬ್ಬರಿಗೂ ಒಪ್ಪಿಗೆನಾ ಅಂತ ಕೇಳಲೇ ಇಲ್ವಲ್ಲೋ!" ಎಂದರು. ಇಬ್ಬರೂ ಬಾಯಿಬಿಟ್ಟು ಒಪ್ಪಿಗೆ ಹೇಳದಿದ್ದರೆ ಇಲ್ಲಿನ ಕಾನೂನಿನಂತೆ ಮದುವೆ ಆದಂತೆಯೇ ಅಲ್ಲ. ಓರಿನ್ ಬಿಳಿಚಿಕೊಂಡ. "ಸೇತುವೆ ತಪಾಸಣೇಲಿ ಸಡಿಲವಾದ ಒಂದು ಬೋಲ್ಟ್ ಇದ್ರೂ ಹಿಡೀತೀನಿ ಮಾರಾಯ, ಇದನ್ನ ಹೇಗೆ ಬಿಟ್ಟೆ!" ನೊರೀನ್ ಮಾತ್ರ ನಕ್ಕಳು: "ನಿಮ್ಮಪ್ಪ ಬಂದಿಲ್ಲ ಅಂತ ದೇವರೇ ಇವನ ಬಾಯಿ ಕಟ್ಟಿರಬೇಕು, ಬಿಡು."

ಅಲ್ಲಿಯೇ ಕೇಳಿ ಮುಗಿಸಬಹುದಿತ್ತು. ನಾನು ಬೇಡವೆಂದೆ. ನೊರೀನ್ ನನ್ನ ಮುಖವನ್ನೊಮ್ಮೆ ನೋಡಿ, ಕಾರಣ ಕೇಳದೆ, ಮದುವೆಯ ಉಡುಪಿನಲ್ಲೇ ಬರ್ನಿಸ್ ಮನೆಗೆ ಹೊರಟಳು. ಮದುವೆ ಪೂರ್ತಿಯಾಗುವವರೆಗೂ ಅಲ್ಲಿಯೇ ಇರುತ್ತಾಳೆ.

ಓರಿನ್ ನಿಮಗೆ ವಂದನೆ ತಿಳಿಸಿದ್ದಾನೆ, ತುಸು ಹೆದರುತ್ತಲೇ. ಆರೋಗ್ಯ ನೋಡಿಕೊಳ್ಳಿ.

ನಿಮ್ಮ ಮಗ,
ಲೈಲ್

ತಾ.ಕ.: ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ನಾವು ನಿಮ್ಮ ಮನೆಗೆ ಬರುತ್ತೇವೆ, ಪ್ರಶ್ನೆಯನ್ನು ಓರಿನ್ ಅಲ್ಲಿ ಕೇಳುತ್ತಾನೆ. ಕಾನೂನಿಗೆ ಇಬ್ಬರು ಸಾಕ್ಷಿಗಳು ಬೇಕು. ಬರ್ನಿಸ್ ಒಬ್ಬರು. ಇನ್ನೊಬ್ಬರಾಗಿ ನಾನು ಯಾರನ್ನೂ ಕರೆದಿಲ್ಲ, ಅಪ್ಪಾ. ನೀವು ಏನನ್ನೂ ಓದಬೇಕಿಲ್ಲ, ಹರಸಬೇಕೆಂದೂ ಇಲ್ಲ. ನಾನು "ಒಪ್ಪಿಗೆ" ಎನ್ನುವುದನ್ನು ಕೇಳಿಸಿಕೊಳ್ಳಿ, ಸಾಕು.