ಮುದ್ದೆಯ ಗೂಡಿಗೆ ಬೇಕಾದದ್ದು

ದೊಡ್ಡಗಾಜನೂರು,
14-11-2024, ಗುರುವಾರ

ನಮ್ಮ ಮನೆಯ ಬಿಂದುಶ್ರೀಗೆ,

ನಿನ್ನ ಅತ್ತೆ ಚನ್ನಮಲ್ಲಮ್ಮನ ಆಶೀರ್ವಾದ. ನಾನೂ ನಿನ್ನ ಗಂಡ ವೃಷಭೇಂದ್ರನೂ ಕ್ಷೇಮ. ನಿನ್ನ ಆರೋಗ್ಯ ಹೇಗಿದೆ? ಹೋಗುವಾಗ ಇದ್ದ ಕೆಮ್ಮು ಕಡಿಮೆಯಾಯಿತೆ? ಬೀಗಿತ್ತಿಯವರ ಮಂಡಿನೋವು ಹೇಗಿದೆ? ಇಲ್ಲಿ ಚಳಿ ಜೋರು, ಬೆಳಿಗ್ಗೆ ಎಂಟಾದರೂ ಮಂಜು ಬಿಡುವುದಿಲ್ಲ. ಗುಮಟಾಪುರದ ಸಗಣಿ ಹಬ್ಬದ ಮಾರನೆಯ ದಿನ ನನ್ನ ಮಾತಿಗೆ ನೊಂದು ನೀನು ತವರಿಗೆಂದು ಯಳಂದೂರಿನ ಬಸ್ಸು ಹತ್ತಿದೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದ್ದರೂ ನನಗೆ ಮಾತು ಹೊರಡುತ್ತಿರಲಿಲ್ಲ. ಎಂಟನೆಯ ಕ್ಲಾಸಿನವರೆಗೆ ಕಲಿತ ಅಕ್ಷರ ಇದೆಯಲ್ಲ, ಬರೆಯುತ್ತಿದ್ದೇನೆ. ನೀನು ತಿರುಗಿ ಬರುತ್ತೀಯೋ ಇಲ್ಲವೋ ಎಂಬ ಯೋಚನೆಯಲ್ಲೇ ನನ್ನ ದಿನ ಹೋಗುತ್ತಿದೆ. ಮೊದಲು ನಿನ್ನ ಮೊಲ ಮುದ್ದೆಯ ಸುದ್ದಿ ಹೇಳುತ್ತೇನೆ, ಗಾಬರಿಯಾಗಬೇಡ, ಈಗ ಚೆನ್ನಾಗಿದೆ.

ನೀನು ಹೋದ ಮೇಲೆ ಮುದ್ದೆ ಎರಡು ದಿನ ಏನೂ ಮುಟ್ಟಲಿಲ್ಲ. ನಿನ್ನನ್ನು ನೆನೆಸಿಕೊಂಡು ಕೊರಗುತ್ತಿದೆ ಅಂದುಕೊಂಡೆ. ಅಸಲು ತಪ್ಪು ನನ್ನದೇ. ಹುಟ್ಟಿದಾಗಿನಿಂದ ದನ ಸಾಕಿದವಳು ನಾನು, ಮೊಲ ಸಾಕಿ ಗೊತ್ತಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ ಹಸುಗಳ ಹಣೆಗೆ ವಿಭೂತಿ ಹಚ್ಚುವಾಗ ಇದನ್ನೇಕೆ ಬಿಡಲಿ ಎಂದು ಇದಕ್ಕೂ ಹಚ್ಚಿದೆ, ಸೀನಿ ಸೀನಿ ಸುಸ್ತಾಯಿತು. ಎಲ್ಲಾದರೂ ತಪ್ಪಿಸಿಕೊಂಡರೆ ಗೊತ್ತಾಗಲಿ ಎಂದು ಕರುವಿನ ಗೆಜ್ಜೆಯನ್ನೂ ಕತ್ತಿಗೆ ಕಟ್ಟಿದ್ದೆ. ಮೂಲೆಯಲ್ಲಿ ಕಲ್ಲಾಗಿ ಕೂತುಬಿಟ್ಟಿತು. ವೃಷಭೇಂದ್ರ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ತಾಳವಾಡಿಯ ದನದ ಡಾಕ್ಟರು ದಯಾನಂದರ ಬಳಿ ಹೊರಟಾಗ ನಾನೂ ಹೋದೆ. ಅವರು ನಕ್ಕು, "ಅವ್ವಾ, ಇದೇನ್ ಎತ್ತಾ ಗೆಜ್ಜೆ ಕಟ್ಟಕ್ಕೆ? ಅದ್ರ ಸದ್ದಿಗೆ ಅದೇ ಎದುರ್ಕಂಡು ಕುಂತದ" ಅಂದರು. ಗೆಜ್ಜೆ ಬಿಚ್ಚಿದ ಗಳಿಗೆಗೇ ಬುಟ್ಟಿಯಲ್ಲಿದ್ದ ಹುಲ್ಲಿಗೆ ಬಾಯಿ ಹಾಕಿತು. ನಾಲ್ಕು ಜನರ ಮುಂದೆ ನನಗೆ ನಾಚಿಕೆಯಾಯಿತು.

ಟೊಮೇಟೊ ಕ್ರೇಟಿನಲ್ಲಿ ಇನ್ನು ಇಡುವುದು ಬೇಡ, ಸರಿಯಾದ ಗೂಡು ಮಾಡಿ ಎಂದು ಡಾಕ್ಟರು ಹೇಳಿಕಳಿಸಿದರು. ಗೂಡನ್ನು ನಿನ್ನ ಗಂಡ ಹಳೆಯ ಹಲಗೆಗೆ ಮೊಳೆ ಹೊಡೆದು ಮಾಡಿದ. ಒಳಗಿನ ಸಾಮಾನಿಗೆ ಇಬ್ಬರೂ ಸತ್ಯಮಂಗಲಕ್ಕೆ ಹೋದೆವು. ದಿಂಬಂ ಘಾಟಿಯ ತಿರುವುಗಳಲ್ಲಿ ನನ್ನ ಪಾಡು ನಿನಗೆ ಗೊತ್ತೇ ಇದೆ, ನಿಂಬೆಹಣ್ಣು ಮೂಸುತ್ತಲೇ ಇಳಿದೆ. ಸಾಕುಪ್ರಾಣಿಗಳ ಸಾಮಾನಿನ ಅಂಗಡಿಯಲ್ಲಿ ಸಂಗೀತ ಎಂಬ ಹುಡುಗಿ ಕನ್ನಡಿ, ಬಣ್ಣದ ಚೆಂಡು, ಕ್ಯಾರೆಟ್ ಆಕಾರದ ದಿಂಬು ಎಲ್ಲ ತೆಗೆದು ಗುಡ್ಡೆ ಹಾಕಿ, ಒಂದೊಂದಕ್ಕೂ "ಕಟ್ಟಾಯಂ ವೇಣುಂ ಪಾಟ್ಟಿ" ಅನ್ನುತ್ತಿದ್ದಳು, ಅಂದರೆ ಬೇಕೇ ಬೇಕು ಅಜ್ಜಿ ಅಂತ. ಮೊಲಕ್ಕೆ ಕನ್ನಡಿ ಯಾಕಮ್ಮ, ಅದೇನು ಮದುವೆಗೆ ಹೊರಟಿದೆಯೇ ಎಂದು ಕೇಳಿದೆ. ಕೊನೆಗೆ ಕಂಬಿಗೆ ಸಿಕ್ಕಿಸುವ ನೀರಿನ ಬಾಟಲಿ, ಹುಲ್ಲು ತುಳಿದು ಹೊಲಸಾಗದಂತೆ ಗೋಡೆಗೆ ತೂಗುಹಾಕುವ ತಂತಿಯ ಬುಟ್ಟಿ, ಉಚ್ಚೆಗೆ ಒಂದು ತಟ್ಟೆ, ಇಷ್ಟೇ ತಂದೆವು. ಬಾಟಲಿಯಲ್ಲಿ ಕುಡಿಯುವುದು ಮುದ್ದೆಗೆ ಇನ್ನೂ ಬಂದಿಲ್ಲ. ಅದಕ್ಕೆ ನಾನು ಉಪ್ಪು ಹಾಕಿಡುತ್ತಿದ್ದ ಕಲ್ಲಿನ ಬೋಗುಣಿಯನ್ನೇ ತೊಳೆದು ನೀರಿಟ್ಟಿದ್ದೇನೆ, ಎಷ್ಟು ಒದ್ದರೂ ಮಗುಚುವುದಿಲ್ಲ. ಗೂಡಿನ ತಳದ ತಂತಿ ಜಾಲರಿ ಕಾಲಿಗೆ ಗಾಯ ಮಾಡುತ್ತದಂತೆ, ಅರ್ಧಕ್ಕೆ ಹಲಗೆ ಹಾಸಿದೆ. ಹಲ್ಲು ಸವೆಯಲು ಸೀಬೆ ಕಡ್ಡಿ ಇದೆ. ಹೆದರಿದಾಗ ನುಸುಳಿಕೊಳ್ಳಲು ಒಂದು ಮುಚ್ಚಿದ ಪೆಟ್ಟಿಗೆ ಇರಲೇಬೇಕೆಂದು ಡಾಕ್ಟರು ಹೇಳಿದ್ದರು, ಅದನ್ನೂ ಮಾಡಿದ್ದಾಯಿತು. ನಿನ್ನೆ ಅದರೊಳಗೆ ಕಾಲು ಚಾಚಿ ಮಲಗಿತ್ತು.

ವೃಷಭೇಂದ್ರ ಊಟ ಮಾಡುತ್ತಾನೆ, ಮಾತಾಡುವುದಿಲ್ಲ. ನಿಮ್ಮ ಮನೆಯವರಿಗೆಲ್ಲ ನನ್ನ ನಮಸ್ಕಾರ ಹೇಳು. ಮಾದಪ್ಪ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅತ್ತೆ,
ಚನ್ನಮಲ್ಲಮ್ಮ

ಮತ್ತೊಂದು ಮಾತು: ಬರೆಯಲು ಮರೆತೆ ಅಂದರೆ ಸುಳ್ಳು, ಧೈರ್ಯ ಬರಲಿಲ್ಲ. ಮೊನ್ನೆ ನಲ್ಲಿಯ ಹತ್ತಿರ ಪಕ್ಕದ ಮನೆಯ ಪರಿಮಳ ನಿನ್ನ ವಿಷಯ ಎತ್ತಿ, "ಮಕ್ಕಳಿಲ್ದೋಳು ಮೊಲನಾರ ಎತ್ಕಂಡು ಕುಂತಿರ್ಲಿ ಬುಡಿ" ಅಂದಳು. ಹಬ್ಬದ ದಿನ ನೆಂಟರ ಮುಂದೆ ನಾನು ನಿನಗೆ ಅಂದದ್ದೂ ಅದನ್ನೇ. ನಾನು ನಗುತ್ತಾ ಅಂದಿದ್ದೆ, ಅವಳೂ ನಗುತ್ತಲೇ ಅಂದಳು. ಬಿಂದಿಗೆ ತುಂಬುವುದನ್ನು ಅರ್ಧಕ್ಕೇ ಬಿಟ್ಟು ಬಂದೆ. ವೃಷಭೇಂದ್ರ ಹುಟ್ಟಿದ್ದು ನನ್ನ ಮದುವೆಯಾದ ಒಂಬತ್ತನೆಯ ವರ್ಷಕ್ಕೆ. ಅಲ್ಲಿಯತನಕ ಜನರ ಬಾಯಲ್ಲಿ ಏನೇನು ಕೇಳಿದೆ ಎಂಬುದೆಲ್ಲ ನೆನಪಿದ್ದೂ ನಿನಗೆ ಆ ಮಾತು ಅಂದೆ. ತಪ್ಪಾಯಿತು ಬಿಂದು. ಸೋಮವಾರ ಮೊದಲ ಬಸ್ಸಿಗೆ ನಾನೊಬ್ಬಳೇ ಬರುತ್ತೇನೆ, ನಿನ್ನ ಗಂಡನಿಗೆ ಹೇಳಿಲ್ಲ. ನಿಮ್ಮ ತಾಯಿ ತಂದೆಯ ಮುಂದೆಯೇ ಈ ಮಾತನ್ನು ಬಾಯಿಬಿಟ್ಟು ಹೇಳುತ್ತೇನೆ. ಬರುವ ಮನಸ್ಸಿದ್ದರೆ ನನ್ನ ಜೊತೆ ಹೊರಡು. ಇಲ್ಲದಿದ್ದರೆ ಒಂದು ಲೋಟ ಕಾಫಿ ಕೊಡು, ಕುಡಿದು ಸಂಜೆಯ ಬಸ್ಸಿಗೆ ಹಿಂದಿರುಗುತ್ತೇನೆ.